ನಿಮ್ಮ ಒಂದು ಸಾಲಿನ ಮೇಲೆ ನನಗಿರುವ ಅನುಮಾನಗಳು

ಶ್ರೀಮದಖಂಡ ಶಸ್ತ್ರಚಿಕಿತ್ಸಾ ಸಾಮ್ರಾಜ್ಯದ ಏಕಮೇವ ಅಧಿಪತಿಗಳೂ, ಅಪೆಂಡಿಕ್ಸ್ ಕುಲಾಂತಕರೂ, ಹರ್ನಿಯಾ ಮರ್ದನರೂ, ಪಿತ್ತಕೋಶದ ಕಲ್ಲುಗಳ ಪಾಲಿಗೆ ಸಿಡಿಲಿನಂತಿರುವವರೂ, ಹೊಲಿಗೆಯಲ್ಲಿ ದರ್ಜಿಗಳನ್ನು ನಾಚಿಸಿದವರೂ, ಆದರೆ ಸ್ವಂತ ಅಂಗಿಯ ಗುಂಡಿ ಕಿತ್ತುಹೋದರೆ ಅದನ್ನು ಅಂಗೈಯಲ್ಲಿ ಹಿಡಿದು ಅತ್ತಿಗೆಯ ಮುಂದೆ ಬಂದು ನಿಲ್ಲುವವರೂ ಆದ ನನ್ನ ಚಿಕ್ಕಪ್ಪನವರ ಬಲಗೈಯ ಐದೂ ಬೆರಳುಗಳಿಗೆ, ವೈದ್ಯರ ಪರಿಷತ್ತಿನ ದೂರು ವಿಭಾಗದ ಮೂರನೇ ಮೇಜಿನ ಕಿರಿಯ ಗುಮಾಸ್ತೆಯೂ ನಿಮ್ಮ ಅಣ್ಣನ ಒಬ್ಬಳೇ ಮಗಳೂ ಆದ ತರಲೆಯು ಮಾಡುವ ಅನಂತ ನಮಸ್ಕಾರಗಳು.

ಎಡಗೈಗೆ ನಮಸ್ಕಾರವಿಲ್ಲ. ಅದರ ಮೇಲೆ ನನಗೆ ಇನ್ನೂ ಅನುಮಾನವಿದೆ.

ಚಿಕ್ಕಪ್ಪ, ಇದು ಕಚೇರಿಯ ಪತ್ರವಲ್ಲ. ಕಾಗದ ಕಚೇರಿಯದು, ಪೆನ್ನು ಕಚೇರಿಯದು, ಬರೆಯುತ್ತಿರುವ ಹೊತ್ತೂ ಕಚೇರಿಯದೇ. ಉಳಿದದ್ದೆಲ್ಲ ನನ್ನ ಸ್ವಂತದ್ದು. ಎದುರು ಮೇಜಿನ ಸೂಪರಿಂಟೆಂಡೆಂಟ್ ಮೇಡಂ ನಾನು ಯಾವುದೋ ಹಳೆಯ ದೂರಿಗೆ ಜ್ಞಾಪನಾ ಪತ್ರ ಬರೆಯುತ್ತಿದ್ದೇನೆ ಎಂದುಕೊಂಡು ಆಗಾಗ ಕನ್ನಡಕದ ಮೇಲಿನಿಂದ ಮೆಚ್ಚುಗೆಯ ನೋಟ ಬೀರುತ್ತಿದ್ದಾರೆ. ಎರಡು ವರ್ಷದಲ್ಲಿ ನಾನು ಇಷ್ಟು ಹೊತ್ತು ತಲೆ ಎತ್ತದೆ ಕೂತದ್ದು ಇದೇ ಮೊದಲು. ಅವರಿಗೂ ಅನುಮಾನ ಬರುವ ಮೊದಲು ವಿಷಯಕ್ಕೆ ಬರುತ್ತೇನೆ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ವಿಚಾರಣೆ. ಉದ್ದ ಮೇಜಿನ ಆಚೆ ಮೂವರು ಹಿರಿಯ ವೈದ್ಯರು, ಈಚೆ ನೀವೊಬ್ಬರೇ. ನಿಮ್ಮ ಕಡತದಲ್ಲಿ ಈಗಾಗಲೇ ಒಂದು ಎಚ್ಚರಿಕೆ ಪತ್ರ ಬೆಚ್ಚಗೆ ಮಲಗಿದೆ. ಒಂಬತ್ತು ವರ್ಷದ ಹಿಂದೆ, ಕೈಗೆ ಮೊಂಡು ಕತ್ತರಿ ಕೊಟ್ಟರೆಂದು ಅದನ್ನು ಎಸೆದು ಆಪರೇಷನ್ ಥಿಯೇಟರಿನ ಗಡಿಯಾರ ಒಡೆದಿರಲ್ಲ, ಅದು. ಗಡಿಯಾರ ಸತ್ತ ಹೊತ್ತು ಕೂಡ ಕಡತದಲ್ಲಿದೆ: ಹತ್ತು ಗಂಟೆ ಇಪ್ಪತ್ತು ನಿಮಿಷ. ಎರಡನೇ ಸಲ ತಪ್ಪು ಸಾಬೀತಾದರೆ ಒಂದು ವರ್ಷದ ಮಟ್ಟಿಗೆ ವೈದ್ಯರ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವರು ಕತ್ತಿ ಹಿಡಿಯುವ ಹಾಗಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಒಂದು ವರ್ಷ ಕೈ ಬಿಟ್ಟವರನ್ನು ಆಸ್ಪತ್ರೆ ಮತ್ತೆ ಥಿಯೇಟರಿಗೆ ಕರೆಯುತ್ತದೋ ಇಲ್ಲವೋ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಮ್ಮನಿಗೆ ಇದನ್ನು ಹೇಳಿದಾಗ ಅವಳು "ಹಂಗಾದ್ರೆ ಬೆಳಿಗ್ಗೆ ಎದ್ದು ಏನ್ ಮಾಡ್ತಾನೆ ಅವನು?" ಎಂದು ಕೇಳಿದಳು. ಉತ್ತರ ನಿಮಗೂ ಗೊತ್ತಿಲ್ಲ ಎಂದು ನನ್ನ ಅನುಮಾನ.

ನಮ್ಮ ವಿಭಾಗದಲ್ಲಿ ಎರಡು ಕಬ್ಬಿಣದ ಕಪಾಟುಗಳಿವೆ. ಒಂದರ ಹೆಸರು ಕತ್ತಿ, ಇನ್ನೊಂದರ ಹೆಸರು ಗುಳಿಗೆ. ಈ ನಾಮಕರಣ ನನ್ನದು. ಪರಿಷತ್ತು ಇನ್ನೂ ಅನುಮೋದಿಸಿಲ್ಲ. ಕತ್ತಿ ಕಪಾಟಿನಲ್ಲಿ ಶಸ್ತ್ರಚಿಕಿತ್ಸಕರ ಮೇಲಿನ ದೂರುಗಳು, ಗುಳಿಗೆ ಕಪಾಟಿನಲ್ಲಿ ಉಳಿದೆಲ್ಲ ವೈದ್ಯರ ಮೇಲಿನವು. ನಮ್ಮ ಪಟ್ಟಿಯಲ್ಲಿ ನಿಮ್ಮ ಪೈಕಿಯವರು ಹತ್ತಕ್ಕೆ ಒಬ್ಬರೋ ಇಬ್ಬರೋ. ಆದರೂ ಕತ್ತಿ ಕಪಾಟಿನ ಬಾಗಿಲು ಹಾಕಬೇಕಾದರೆ ನಾನು ಮೊಣಕಾಲು ಕೊಟ್ಟು ಒತ್ತಬೇಕು. ಗುಳಿಗೆ ಕಪಾಟಿನ ಕೆಳಗಿನ ಅರೆಯಲ್ಲಿ ನನ್ನ ಊಟದ ಡಬ್ಬಿ, ಕೊಡೆ, ಮೇಡಂ ಅವರ ಇನ್ನೊಂದು ಜೊತೆ ಚಪ್ಪಲಿ, ಎಲ್ಲವೂ ಕಾಲು ಚಾಚಿ ಮಲಗುತ್ತವೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ, "ಮೇಡಂ, ಈ ಕುಯ್ಯೋ ಡಾಕ್ಟ್ರುಗಳು ಅಷ್ಟೊಂದು ಕೆಟ್ಟವರಾ?"

ಮೇಡಂ ಮೊಹರು ಒತ್ತುವುದನ್ನು ನಿಲ್ಲಿಸದೆ ಹೇಳಿದ್ದರು, "ಕೆಟ್ಟವರಲ್ಲಮ್ಮ. ಅವರ ತಪ್ಪಿಗೆ ವಿಳಾಸ ಇರುತ್ತೆ. ಎಲ್ಲಿ ಕುಯ್ದ್ರು, ಯಾವತ್ತು ಕುಯ್ದ್ರು, ಎಷ್ಟು ಹೊಲಿಗೆ ಹಾಕಿದ್ರು, ಎಲ್ಲಾ ಮೈಮೇಲೇ ಬರ್ದಿರುತ್ತೆ. ಮಾತ್ರೆ ಕೊಟ್ಟೋರ ತಪ್ಪು ನೀರಲ್ಲಿ ಕರಗಿ ಹೋಗುತ್ತೆ. ಎಲ್ಲಿ ಅಂತ ಹುಡುಕ್ತೀಯಾ?"

ಉತ್ತರಗಳಲ್ಲೂ ಭೇದವಿದೆ. ಗುಳಿಗೆಯವರು ತಮ್ಮ ಮೇಲಿನ ದೂರಿಗೆ ಉತ್ತರ ಬರೆದರೆ ಹದಿನಾರು ಪುಟ. ಮೊದಲ ಪುಟದ ತುಂಬ ಪದವಿಗಳು. ಕೊನೆಯ ಪುಟದ ಹೊತ್ತಿಗೆ ತಪ್ಪು ರೋಗಿಯ ಅಜ್ಜನದು ಎಂದು ತೀರ್ಮಾನವಾಗಿರುತ್ತದೆ. ಕತ್ತಿಯವರದು ನಾಲ್ಕು ಪುಟ, ಜೊತೆಗೊಂದು ಚಿತ್ರ, ಚಿತ್ರದಲ್ಲೊಂದು ಬಾಣ. ಆ ಬಾಣ ಹೆಚ್ಚಾಗಿ ಅರಿವಳಿಕೆ ಕೊಟ್ಟವರ ಕಡೆಗೆ ತಿರುಗಿರುತ್ತದೆ. ಇಷ್ಟು ಕಾಗದ ಓದಿದ ಮೇಲೂ ಒಬ್ಬ ವೈದ್ಯರು ಒಂದೇ ಸಾಲಿನಲ್ಲಿ ಉತ್ತರ ಬರೆದದ್ದನ್ನು ನಾನು ಕಂಡಿರಲಿಲ್ಲ.

ಕಳೆದ ತಿಂಗಳು ಟಪಾಲು ಒಡೆಯುವ ಸರದಿ ನನ್ನದಿತ್ತು. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದೆ. ಅಷ್ಟು ಕೆಟ್ಟ ಅಕ್ಷರ ನಮ್ಮ ವಂಶದಲ್ಲಿ ಒಬ್ಬರದೇ. ಒಳಗೆ ಒಂದು ಹಾಳೆ, ಹಾಳೆಯ ನಡುವೆ ಒಂದು ಸಾಲು. "ತಪ್ಪು ನನ್ನದೇ, ಬೇರೇನೂ ಹೇಳುವುದಿಲ್ಲ." ಕೆಳಗೆ ಸಹಿ. ನಾನು ಹಾಳೆಯ ಹಿಂಬದಿ ನೋಡಿದೆ. ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದೆ. ಬೆಳಕಿಗೆ ಹಿಡಿದೆ. ಏನೂ ಇಲ್ಲ. ನನ್ನ ಮುಖ ನೋಡಿ ಮೇಡಂ ಎದ್ದು ಬಂದರು. ನೀವು ನನ್ನ ಚಿಕ್ಕಪ್ಪ ಎಂದು ಅವರಿಗೆ ತಿಳಿದದ್ದು ಆಗಲೇ. "ಇನ್ನು ಈ ಕಡತ ನೀನು ಮುಟ್ಟೋ ಹಾಗಿಲ್ಲ" ಎಂದು ಅದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಪರ್ಸಿನಲ್ಲಿಟ್ಟು, ಪರ್ಸನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನನ್ನ ಪ್ರಾಮಾಣಿಕತೆಯ ಮೇಲೆ ಅವರಿಗಿರುವ ನಂಬಿಕೆ ಅಷ್ಟು.

ಬೀಗ ಹಾಕಿದ ಬೀರುವಿಗಿಂತ ಆ ಒಂದು ಸಾಲೇ ನನ್ನನ್ನು ಹೆಚ್ಚು ಕಾಡಿತು. ತಪ್ಪು ಒಪ್ಪಿಕೊಳ್ಳುವವರು ಹೀಗೆ ಒಪ್ಪಿಕೊಳ್ಳುವುದಿಲ್ಲ ಚಿಕ್ಕಪ್ಪ. ಹೀಗೆ ಬಾಗಿಲು ಹಾಕಿಕೊಳ್ಳುತ್ತಾರೆ, ಒಳಗೆ ಇನ್ನೊಬ್ಬರು ಇದ್ದಾಗ.

ದೂರಿನ ಸಂಗತಿ ನಿಮಗೆ ಗೊತ್ತಿರುವುದೇ. ಆದರೂ ನಾನು ತಿಳಿದುಕೊಂಡದ್ದು ಸರಿಯೋ ತಪ್ಪೋ ನೋಡಿ. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಹರ್ನಿಯಾ ಎಂದು ನಿಮ್ಮ ಆಸ್ಪತ್ರೆಗೆ ಬಂದರು. ಹೃದಯ ತಾಳ ತಪ್ಪಿ ಬಡಿಯುತ್ತದೆಂದು ಅವರು ವರ್ಷಗಳಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದವರು. ಆ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸದೆ ಕುಯ್ದರೆ ರಕ್ತ ಹೇಳಿದ ಮಾತು ಕೇಳುವುದಿಲ್ಲ. ಇಷ್ಟು ನನಗೂ ಗೊತ್ತು. ಯಾರೂ ನಿಲ್ಲಿಸಿರಲಿಲ್ಲ. ಆ ದಿನ ಬೆಳಿಗ್ಗೆಯೂ ಅವರು ಒಂದು ನುಂಗಿಯೇ ಬಂದಿದ್ದರು. ಹತ್ತು ಗಂಟೆಗೆ ನೀವು ಹೊಲಿಗೆ ಹಾಕಿ ಮುಗಿಸಿದಿರಿ. ಮಧ್ಯಾಹ್ನದ ಹೊತ್ತಿಗೆ ಒಳಗೆ ರಕ್ತ ತುಂಬಿ ತೊಡೆಸಂದು ಚೆಂಡಿನಷ್ಟು ಊದಿತು. ಸಂಜೆ ಮತ್ತೆ ಬಿಚ್ಚಿದಿರಿ. ಐದು ಬಾಟಲಿ ರಕ್ತ ಏರಿಸಿದರು. ಮೇಷ್ಟ್ರು ಬದುಕಿದರು. ಆದರೆ ಎರಡು ತಿಂಗಳು ಹಾಸಿಗೆ. ಈಗಲೂ ಕೋಲು ಹಿಡಿದು ಬಚ್ಚಲಿಗೆ ಹೋಗಿಬಂದರೆ ಏದುಸಿರು. ಮೇಷ್ಟ್ರ ಮಗಳು ಬಂದು ದೂರು ಕೊಟ್ಟಳು.

ಅನುಮಾನ ಶುರುವಾದದ್ದು ಇಲ್ಲೇ. ಯಾಕೆಂದರೆ ನೀವು ಕಾಗದ ನಂಬುವವರಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ ನನ್ನ ಅಪೆಂಡಿಕ್ಸ್ ತೆಗೆದವರು ನೀವು. ಥಿಯೇಟರಿನ ಮೇಜಿನ ಮೇಲೆ ನನ್ನನ್ನು ಮಲಗಿಸಿದ್ದರು. ನಿಮ್ಮ ಕಣ್ಣು ಮಾತ್ರ ಕಾಣುತ್ತಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ ಹೆಸರು ಕೇಳಿದಿರಿ. ಹುಟ್ಟಿದ ದಿನದಿಂದ ನನ್ನನ್ನು ಎತ್ತಿ ಆಡಿಸಿದವರು ನನ್ನ ಹೆಸರು ಕೇಳುತ್ತಿದ್ದಾರಲ್ಲ ಎಂದು ನನಗೆ ನಗು ಬಂತು. ಆಮೇಲೆ "ಯಾವ ಕಡೆ ನೋವು?" ಎಂದಿರಿ. ತಮಾಷೆ ನೋಡೋಣ ಎಂದು "ಎಡಗಡೆ" ಎಂದೆ. ನೀವು ನಗಲಿಲ್ಲ. ಕೈಗವಸು ಎರಡನ್ನೂ ಕಳಚಿ ಬುಟ್ಟಿಗೆ ಹಾಕಿದಿರಿ. ಗೋಡೆಗೊರಗಿ ನಿಂತಿರಿ. "ತರಲೆ, ಇಲ್ಲಿ ನಾನು ನಗಲ್ಲ. ನೀನು ಸರಿಯಾಗಿ ಹೇಳೋ ತನಕ ಹಿಂಗೇ ನಿಂತಿರ್ತೀನಿ." ನನ್ನ ರಿಪೋರ್ಟು ನಿಮ್ಮ ಎದುರಿಗೇ ಇತ್ತು. ನಿಮ್ಮದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಗುಳಿಗೆ ಬರೆಯುವ ಅಪ್ಪ ಹೊಟ್ಟೆ ಒತ್ತಿ ನೋಡಿ ಬಲಗಡೆ ಎಂದು ಬರೆದೂ ಕೊಟ್ಟಿದ್ದರು. ಆದರೂ ನಿಂತೇ ಇದ್ದಿರಿ. ನಾನು ಅತ್ತು, ಬಲಗಡೆ ಎಂದು ಮೂರು ಸಲ ಹೇಳಿದ ಮೇಲೆ ಹೊಸ ಕೈಗವಸು ಹಾಕಿಕೊಂಡಿರಿ. ಜೀವನದಲ್ಲಿ ನನ್ನ ಒಂದು ತಮಾಷೆಗೆ ಬೆಲೆ ಸಿಕ್ಕದೇ ಹೋದದ್ದು ಅಂದು ಮಾತ್ರ. ಬೇರೆಯವರ ಮೇಲೆ ನಾನು ಎಷ್ಟು ಸಿಟ್ಟು ಮಾಡಿಕೊಂಡರೂ ನಿಮ್ಮ ಮೇಲಿನ ನಂಬಿಕೆ ಅಲುಗದಿರುವುದಕ್ಕೂ ಆ ಗೋಡೆಗೊರಗಿ ನಿಂತ ಹತ್ತು ನಿಮಿಷವೇ ಕಾರಣ.

ಹಾಗೆ ಅಣ್ಣನ ಮಗಳ ಬಾಯಿಂದ ಮೂರು ಸಲ ಹೇಳಿಸಿದವರು, ಮೇಷ್ಟ್ರನ್ನು "ಬೆಳಿಗ್ಗೆ ಏನು ನುಂಗಿದ್ರಿ?" ಎಂದು ಒಂದು ಸಲವೂ ಕೇಳಲಿಲ್ಲವಂತೆ. ಯಾಕೆ?

ತನಿಖೆಗೆ ಇಳಿದೆ. ಮೊದಲ ಅನುಮಾನ ಕೈಯ ಮೇಲೆ. ಹೋದ ಭಾನುವಾರದ ಹಿಂದಿನ ಭಾನುವಾರ ಅಮ್ಮನಿಗೆ ಕಣ್ಣು ಮಂಜು ಎಂದು ಸುಳ್ಳು ಹೇಳಿ ನಿಮ್ಮ ಕೈಯಿಂದ ಸೂಜಿಗೆ ದಾರ ಪೋಣಿಸಿಕೊಂಡೆನಲ್ಲ, ಅದು ಪರೀಕ್ಷೆ. ಬಲಗೈ ಮೊದಲ ಸಲಕ್ಕೇ ಪಾಸು. ಸೂಜಿ ಹಿಡಿದ ಎಡಗೈ ಮಾತ್ರ ಕೂದಲೆಳೆಯಷ್ಟು ನಡುಗಿತು ಎಂದು ನನಗನ್ನಿಸಿತು; ಅದೇ ಹೊತ್ತಿಗೆ ನಾನು ಮೇಜಿನ ಕಾಲನ್ನು ಒದ್ದಿದ್ದೆ ಎಂಬುದೂ ನಿಜ. ಎರಡನೇ ಅನುಮಾನ ಕುಡಿತದ ಮೇಲೆ. ಆರು ಸಲ ಹತ್ತಿರ ಬಂದು ಮೂಸಿ ನೋಡಿದೆ. ಕೈ ತೊಳೆಯುವ ದ್ರಾವಣದ ವಾಸನೆ ಬಿಟ್ಟರೆ ಏನಿಲ್ಲ. ಮೂರನೆಯದಾಗಿ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟೆ. ಅದನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಚೆನ್ನಾಗಿದೆ ಕಣೇ" ಎಂದಿರಿ. ಆಗ ಖಾತ್ರಿಯಾಯಿತು. ಮೈ ಸರಿಯಿದೆ, ಮನಸ್ಸಿನಲ್ಲಿ ಏನೋ ಇದೆ.

ನಾಲ್ಕನೇ ಅನುಮಾನ ಬರೆಯಲು ಸಂಕೋಚ. ಥಿಯೇಟರಿನ ಹಿರಿಯ ಸಿಸ್ಟರ್ ಜೊತೆ ನೀವು ಹಿಂಬದಿ ಮೆಟ್ಟಿಲಲ್ಲಿ ನಿಂತು ಗುಸುಗುಸು ಮಾತಾಡುತ್ತೀರೆಂದು ಆಸ್ಪತ್ರೆಯ ಕಸ ಗುಡಿಸುವಾಕೆ ಹೇಳಿದಳು. ನಾನು ತಕ್ಷಣ ಮನಸ್ಸಿನಲ್ಲೇ ಒಂದು ಮದುವೆ ಮುಗಿಸಿಬಿಟ್ಟೆ. ಹೋದ ವಾರ ಮಂಗಳವಾರ ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ಕೊಡುವ ನೆಪದಲ್ಲಿ ಬಂದು, ಆ ಮೆಟ್ಟಿಲಿನ ಮೇಲಿನ ತಿರುವಿನಲ್ಲಿ ಕೂತೆ. ನೀವಿಬ್ಬರೂ ಬಂದಿರಿ. ಪ್ರೇಮದ ಮಾತು ಒಂದೂ ಇರಲಿಲ್ಲ. ನನಗೆ ಸ್ವಲ್ಪ ನಿರಾಸೆಯೂ ಆಯಿತು.

"ಆ ಚೀಟಿ ಹರಿದು ಹಾಕಿ ಸಿಸ್ಟರ್" ಎಂದಿರಿ ನೀವು.

"ನಾನು ಹರಿಯೋಳಲ್ಲ ಸರ್, ಎಣಿಸೋಳು" ಎಂದರು ಅವರು. "ಇಪ್ಪತ್ತಾರು ವರ್ಷದಿಂದ ನಿಮ್ಮ ಥಿಯೇಟರಲ್ಲಿ ಬಟ್ಟೆತುಂಡು ಎಣಿಸ್ತಿದೀನಿ. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ನಾನು ಹೇಳೋ ತನಕ ನೀವು ಹೊಲಿಗೆ ಹಾಕಲ್ಲ. ಈಗ ಒಂದು ಒಳಗೇ ಬಿಟ್ಟು ಹೊಲಿ ಅಂತೀರಲ್ಲ."

"ಅಣ್ಣನಿಗೆ ಇನ್ನು ಎಂಟು ತಿಂಗಳಿಗೆ ನಿವೃತ್ತಿ. ಅವನ ಮೇಲೆ ಒಂದು ದೂರೂ ಇಲ್ಲ. ಹಂಗೇ ಹೋಗಲಿ ಬಿಡಿ."

"ನೀವು ಅವತ್ತು ಪೇಷಂಟನ್ನ ಯಾಕೆ ಕೇಳಲಿಲ್ಲ? ಅದನ್ನಾದ್ರೂ ಹೇಳಿ."

ನೀವು ಮೆಟ್ಟಿಲಿನ ಕಂಬಿ ಹಿಡಿದಿರಿ. ಆಮೇಲೆ ಹೇಳಿದಿರಿ, "ಅಣ್ಣನ ಸಹಿ ನೋಡಿದೆ ಸಿಸ್ಟರ್. ಕೇಳೋಣ ಅಂತ ಬಗ್ಗಿದೆ ಕೂಡ. ಅಷ್ಟರಲ್ಲಿ ಆ ಮೇಷ್ಟ್ರು, 'ದೊಡ್ಡ ಡಾಕ್ಟ್ರು ಎಲ್ಲಾ ನೋಡಿದಾರೆ, ನೀವು ಶುರು ಮಾಡಿ' ಅಂದ್ರು. ಸರಿ, ಅವನು ನೋಡಿದಾನೆ ಅಂದ್ಕೊಂಡೆ."

ನೀವು ಹೋದ ಮೇಲೆ ಸಿಸ್ಟರ್ ಹೋಗಲಿಲ್ಲ. ತಲೆ ಎತ್ತದೆ, "ಇಳಿದು ಬಾರೇ, ಚಪ್ಪಲಿ ಕಾಣಿಸ್ತಿದೆ" ಎಂದರು. ಇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಜೇಬಿನಿಂದ ಮಡಿಚಿದ ಒಂದು ಕಾಗದ ತೆಗೆದು ಕೊಟ್ಟರು. "ಇದು ಜೆರಾಕ್ಸು. ಅಸಲು ನನ್ನ ಹತ್ರಾನೇ ಇರುತ್ತೆ. ನಿನ್ನ ಮುಖ ನೋಡಿದ್ರೆ ಎರಡು ಸಲ ಎಣಿಸ್ಬೇಕು ಅನ್ಸುತ್ತೆ."

ಅದು ಫಿಟ್‌ನೆಸ್ ಚೀಟಿ. ಕುಯ್ಯುವ ಮೊದಲು, ಈ ರೋಗಿಯ ಮೈ ಇದನ್ನು ತಡೆಯುತ್ತದೆ ಎಂದು ಕೆಳಗಿನ ಮಹಡಿಯ ವೈದ್ಯರು ಬರೆದುಕೊಡುವುದು. ಏಳು ಪ್ರಶ್ನೆ, ಏಳು ಚೌಕ. ಐದನೇ ಚೌಕದ ಪಕ್ಕ ಅಚ್ಚಾಗಿತ್ತು: ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗಿದೆ. ಚೌಕದೊಳಗೆ ಒಂದು ಸರಿ ಗುರುತು. ಅಪ್ಪನ ಸರಿ ಗುರುತನ್ನು ನಾನು ಒಂದನೇ ತರಗತಿಯಿಂದ ನೋಡಿದ್ದೇನೆ. ಬಾಲ ಉದ್ದ, ತುದಿಯಲ್ಲಿ ಸಣ್ಣ ಕೊಕ್ಕೆ. ಅರಿವಳಿಕೆಯವರೂ ಅದೇ ಕೊಕ್ಕೆ ನೋಡಿ ತಲೆಯಾಡಿಸಿದ್ದರು. ಏಳೂ ಚೌಕಗಳಲ್ಲಿ ಬಾಲಗಳು ಒಂದೇ ಓರೆಯಲ್ಲಿ, ಒಂದೇ ಉದ್ದಕ್ಕೆ ಇದ್ದವು. ಕೇಳಿ ಕೇಳಿ ಹಾಕಿದ ಗುರುತುಗಳು ಹಾಗಿರುವುದಿಲ್ಲ. ಅಪ್ಪ ಬೆಳಿಗ್ಗೆ ಮೇಜಿನ ಮೇಲೆ ಚೀಟಿಗಳ ರಾಶಿ ಇಟ್ಟುಕೊಂಡು, ರೋಗಿ ಒಳಗೆ ಬರುವ ಮೊದಲೇ ಟಕಟಕ ಗುರುತು ಹಾಕುವುದನ್ನು ನಾನೇ ನೋಡಿದ್ದೇನೆ. ಚಿಕ್ಕವಳಿದ್ದಾಗ ಪಕ್ಕದಲ್ಲಿ ಕೂತು ನಾನೂ ಕೆಲವು ಹಾಕಿಕೊಟ್ಟಿದ್ದೇನೆ. ಆಗ ಅದು ಆಟ.

ಇಲ್ಲಿಂದ ನನ್ನ ಅನುಮಾನ ಮಹಡಿ ಇಳಿದು ಅಪ್ಪನ ಕೋಣೆಗೆ ಬಂತು ಎಂದು ಬರೆಯಬೇಕು. ಬರೆದಿದ್ದೇನೆ.

ಅಪ್ಪ ಸಂಜೆ ವಾಕಿಂಗ್ ಹೋಗುತ್ತಾರೆ. ಮೂವತ್ತು ವರ್ಷ ರೋಗಿಗಳಿಗೆಲ್ಲ "ನಡೀರಿ, ನಡೀರಿ" ಎಂದು ಹೇಳಿ ತಾವು ಮಾತ್ರ ಕುರ್ಚಿ ಬಿಟ್ಟೇಳದವರು, ಇದ್ದಕ್ಕಿದ್ದ ಹಾಗೆ ವಾರಕ್ಕೆ ಮೂರು ದಿನ ವಾಕಿಂಗ್ ಹೋದರೆ ಮಗಳಾದವಳು ಸುಮ್ಮನಿರಬೇಕೇ? ಅದೂ ಕೈಯಲ್ಲಿ ಬಿಪಿ ನೋಡುವ ಪೆಟ್ಟಿಗೆ ಹಿಡಿದುಕೊಂಡು. ಹಿಂಬಾಲಿಸಿದೆ. ಎರಡು ಬೀದಿ, ಒಂದು ಬೇಕರಿ, ಒಂದು ಸೈಕಲ್ ರಿಪೇರಿ ಅಂಗಡಿ ದಾಟಿ, ನೀಲಿ ಗೇಟಿನ ಸಣ್ಣ ಮನೆಯೊಳಗೆ ಹೋದರು. ಗೋಡೆಗಳ ಮೇಲೆಲ್ಲ ಮಕ್ಕಳು ಬಿಡಿಸಿದ ಚಿತ್ರಗಳು. ಕಿಟಕಿ ತೆರೆದಿತ್ತು. ಡ್ರಾಯಿಂಗ್ ಮೇಷ್ಟ್ರು ದಿಂಬಿಗೊರಗಿ ಕೂತಿದ್ದರು. ಅಪ್ಪ ಅವರ ತೋಳಿಗೆ ಪಟ್ಟಿ ಸುತ್ತುತ್ತಿದ್ದರು.

"ನೀವು ದೇವರಂಥೋರು ಡಾಕ್ಟ್ರೇ" ಎನ್ನುತ್ತಿದ್ದರು ಮೇಷ್ಟ್ರು. "ಕರೀದೇ ಇದ್ರೂ ಮನ್ಯಾಗೆ ಬಂದು ನೋಡ್ತೀರಿ. ನಿಮ್ಮ ಜೊತೆ ಹುಟ್ಟಿದೋನು ಅದು ಹೆಂಗೆ ಹಂಗಾದ ಅಂತೀನಿ. ಮಾತ್ರೆ ನಿಲ್ಲಿಸಿದೀರಾ ಅಂತ ಒಂದು ಮಾತು ಕೇಳ್ಬಾರದಾ? ಕಟುಕ ಕೂಡ ಕುರಿ ಮುಖ ಒಂದ್ಸಲ ನೋಡ್ತಾನೆ."

ಅಪ್ಪ "ಕೈ ಸಡಿಲ ಬಿಡಿ" ಎಂದರು, ಅಷ್ಟೇ. ನಿಮ್ಮನ್ನು ಕಟುಕ ಎಂದಾಗ ನಮ್ಮಪ್ಪ ಪಟ್ಟಿಯ ಅಂಚು ಸರಿಮಾಡುತ್ತಿದ್ದರು. ನಾನು ಕಿಟಕಿಯ ಕೆಳಗೆ ಚಪ್ಪಲಿಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಕಾಲು ಜೋಮು ಹಿಡಿದರೂ ಏಳಲಿಲ್ಲ. ಏಳಬೇಕೆನಿಸಲಿಲ್ಲ.

ಎರಡು ದಿನ ಮನೆಯಲ್ಲಿ ಅವರ ಮುಖ ನೋಡಿದೆ. ಊಟ ಮಾಡಿದರು, ಪೇಪರ್ ಓದಿದರು, ನನ್ನ ಚಪ್ಪಲಿ ದಾರಿಗಡ್ಡ ಇದೆ ಎಂದು ಗದರಿದರು. ತಪ್ಪು ಮಾಡಿದವರ ಮುಖದಲ್ಲಿ ಏನಾದರೂ ಕಾಣುತ್ತದೆ ಎಂದು ಯಾರು ಹೇಳಿದರೋ, ಅವರು ಗುಳಿಗೆಯವರನ್ನು ನೋಡಿಲ್ಲ. ಕೊನೆಗೆ ನನಗೆ ಗೊತ್ತಿರುವ ಒಂದೇ ವಿದ್ಯೆ ಪ್ರಯೋಗಿಸಿದೆ. ಬಿಪಿ ಪೆಟ್ಟಿಗೆ ತೆರೆದು, ಪಟ್ಟಿಯನ್ನು ಬಿಡಿಸಿ, ಜೆರಾಕ್ಸನ್ನು ಒಳಗಿಟ್ಟು, ಮತ್ತೆ ಮೊದಲಿನ ಹಾಗೇ ಸುತ್ತಿಟ್ಟೆ. ಬೇರೆ ಮನೆಗಳಲ್ಲಿ ಮಕ್ಕಳು ಅಪ್ಪನ ಹತ್ತಿರ ಕೂತು ಮಾತಾಡುತ್ತಾರಂತೆ. ನನಗೆ ಅಷ್ಟು ಧೈರ್ಯವಿಲ್ಲ.

ನಿನ್ನೆ ಸಂಜೆ ಮತ್ತೆ ಆ ಕಿಟಕಿ. ಅಪ್ಪ ಪಟ್ಟಿ ಬಿಡಿಸಿದರು. ಕಾಗದ ಮಡಿಲಿಗೆ ಬಿತ್ತು. ತೆರೆದು ನೋಡಿದರು. ಏಳು ಚೌಕ ಓದಲು ಎಷ್ಟು ಹೊತ್ತು ಬೇಕು? ಮೇಷ್ಟ್ರು ಎರಡು ಸಲ ಕೆಮ್ಮಿದರು. ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟರು. ಪಟ್ಟಿ ಸುತ್ತಿದರು. ರಬ್ಬರ್ ಚೆಂಡು ಒತ್ತತೊಡಗಿದರು, ಒತ್ತಿದರು, ಒತ್ತುತ್ತಲೇ ಇದ್ದರು.

"ಡಾಕ್ಟ್ರೇ, ಸಾಕು, ತೋಳು ಕಿತ್ತು ಬರುತ್ತೆ" ಎಂದರು ಮೇಷ್ಟ್ರು.

ಅಪ್ಪ ಗಾಳಿ ಬಿಟ್ಟರು. "ನೂರಿಪ್ಪತ್ತು, ಎಂಬತ್ತು. ಚೆನ್ನಾಗಿದೆ" ಎಂದರು.

ಸ್ಟೆತಾಸ್ಕೋಪು ಅವರ ಕುತ್ತಿಗೆಯಲ್ಲೇ ಇತ್ತು ಚಿಕ್ಕಪ್ಪ. ಕಿವಿಗೆ ಹಾಕಿಕೊಂಡೇ ಇರಲಿಲ್ಲ. ಮೇಷ್ಟ್ರು ಸಮಾಧಾನದಿಂದ ಹಿಂದಕ್ಕೊರಗಿದರು. ಆ ನೂರಿಪ್ಪತ್ತರ ಮೇಲೆ ಯಾವ ಮಗಳೂ ಎಂದೂ ದೂರು ಕೊಡುವುದಿಲ್ಲ. ಅದಕ್ಕೆ ಹೊಲಿಗೆಯಿಲ್ಲ, ಕಲೆಯಿಲ್ಲ, ತಾರೀಕಿಲ್ಲ. ನನ್ನ ಗುಳಿಗೆ ಕಪಾಟು ಅಷ್ಟು ವಿಶಾಲವಾಗಿರುವುದು ಯಾಕೆ ಎಂದು ಅರ್ಥವಾಯಿತು.

ಹೊರಗೆ ಬಂದವರು ಗೇಟಿನ ಹತ್ತಿರ ನನ್ನನ್ನು ಕಂಡರು. ಆಶ್ಚರ್ಯಪಡಲಿಲ್ಲ. ಸೈಕಲ್ ಅಂಗಡಿ ದಾಟಿದ ಮೇಲೆ ಕೇಳಿದರು,

"ನೀನಾ ಇಟ್ಟಿದ್ದು?"

"ಹೂಂ."

"ಅವನಿಗೆ ಗೊತ್ತಾ?"

"ಚಿಕ್ಕಪ್ಪಂಗೆ ಮೊದಲಿಂದ ಗೊತ್ತಪ್ಪ. ಅದಕ್ಕೇ ಒಂದೇ ಸಾಲು ಬರ್ದಿದಾರೆ."

ಬೇಕರಿಯ ಹತ್ತಿರ ನಿಂತರು. ಗಾಜಿನೊಳಗಿನ ಬ್ರೆಡ್ಡುಗಳನ್ನು ರೋಗಿಗಳ ಸಾಲನ್ನು ನೋಡುವ ಹಾಗೆ ನೋಡಿದರು. "ಚಿಕ್ಕೋನಿದ್ದಾಗಲೂ ಹಂಗೇ. ನಾನು ಒಡೆದ ಗಾಜಿಗೆ ಅವನು ಏಟು ತಿನ್ನೋನು. ಬೇಡ ಅಂದ್ರೂ ಕೇಳ್ತಿರಲಿಲ್ಲ" ಎಂದರು. ಬೇಡ ಎಂದು ಅವರು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದರೋ, ಅದು ನನ್ನ ಐದನೇ ಅನುಮಾನ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಕೇಳಿದರು, "ಗುರುವಾರ ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ."

ತಲೆಯಾಡಿಸಿ ಒಳಗೆ ಹೋದರು.

ಗಂಟೆ ಕೇಳಿದ್ದು ಬರಲಿಕ್ಕೋ, ಆ ಹೊತ್ತಿಗೆ ಬೇರೆಲ್ಲೋ ಕೆಲಸ ಇಟ್ಟುಕೊಳ್ಳಲಿಕ್ಕೋ ನನಗೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಒಳ್ಳೆಯ ಅಂಗಿ ಇಸ್ತ್ರಿ ಮಾಡಿಡು ಎಂದು ಅಮ್ಮನಿಗೆ ಹೇಳುತ್ತಿದ್ದರು. ಒಳ್ಳೆಯ ಅಂಗಿ ಎರಡಕ್ಕೂ ಆಗುತ್ತದೆ.

ಆದ್ದರಿಂದ ಈ ಪತ್ರ. ನಿಮ್ಮ ತ್ಯಾಗಕ್ಕೆ ನಾನು ಕಣ್ಣೀರು ಹಾಕಬೇಕಿತ್ತು. ಹಾಕಲಿಲ್ಲ, ನನಗೆ ಅದರ ಮೇಲೂ ಅನುಮಾನ. ನಿಮ್ಮ ಥಿಯೇಟರಿನಲ್ಲಿ ಏನಾದರೂ ಸರಿ ಹೋದರೆ ಅದು ನಿಮ್ಮದು, ಏನಾದರೂ ತಪ್ಪಾದರೆ ಅದೂ ನಿಮ್ಮದೇ. ಇನ್ನೊಬ್ಬರ ಕೈಗೆ ಒಂದು ತಪ್ಪನ್ನೂ ಬಿಟ್ಟುಕೊಡಲಾರದಷ್ಟು ಹೆಮ್ಮೆ ನಿಮ್ಮದು. ನೀವು ಕೇಳಬೇಕಿತ್ತು, ಕೇಳಲಿಲ್ಲ. ಅದು ನಿಮ್ಮ ಪಾಲು, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಐದನೇ ಚೌಕ ನಿಮ್ಮದಲ್ಲ. ಅದನ್ನು ನೀವು ಹೊತ್ತುಕೊಂಡು ಹೋದರೆ ನಾಳೆ ಬೆಳಿಗ್ಗೆ ಕೆಳಗಿನ ಮಹಡಿಯಲ್ಲಿ ಮತ್ತೆ ಚೀಟಿಗಳ ರಾಶಿ, ಮತ್ತೆ ಟಕಟಕ. ಎಂಟು ತಿಂಗಳೆಂದರೆ ಎಷ್ಟು ಚೀಟಿ ಎಂದು ಎಣಿಕೆ ಸಿಸ್ಟರನ್ನು ಕೇಳಿ ನೋಡಿ. ಅವುಗಳಲ್ಲಿ ಇನ್ನೊಬ್ಬ ಮೇಷ್ಟ್ರು ಇರುವುದಿಲ್ಲ ಎಂದು ನೀವು ಗೋಡೆಗೊರಗಿ ನಿಂತು ನನಗೆ ಹೇಳಬಲ್ಲಿರಾ?

ಗುರುವಾರ ಆ ಮೂವರು ಕೊನೆಗೆ ಒಂದು ಮಾತು ಕೇಳುತ್ತಾರೆ: "ಬೇರೆ ಏನಾದರೂ ಹೇಳುವುದಿದೆಯೇ?" ಎಲ್ಲರನ್ನೂ ಕೇಳುತ್ತಾರೆ, ಅದು ಪದ್ಧತಿ. ಅಪ್ಪ ಬಂದಿದ್ದರೆ ದಯವಿಟ್ಟು ಅವರ ಕಡೆ ತಿರುಗಿ ಕಣ್ಣಿನಲ್ಲೇ ಬೇಡ ಎನ್ನಬೇಡಿ. ನಿಮ್ಮ ಆ ನೋಟ ನನಗೆ ಗೊತ್ತು. ಅದು ಕಂಡರೆ ಅಪ್ಪ ಎದ್ದವರೂ ಕೂತುಬಿಡುತ್ತಾರೆ. ಅಪ್ಪ ಬಂದಿರದಿದ್ದರೆ ಸಿಸ್ಟರ್ ಹೊರಗಿನ ಬೆಂಚಿನಲ್ಲಿ ಅಸಲು ಚೀಟಿ ಹಿಡಿದು ಕೂತಿರುತ್ತಾರೆ. ಅವರನ್ನು ಒಳಗೆ ಕರೆಯಿರಿ. ಆಮೇಲೆ ಸಂಜೆ ಮನೆಗೆ ಬನ್ನಿ. ಅಪ್ಪ ಮುಖ ತಿರುಗಿಸಿದರೆ ತಿರುಗಿಸಲಿ. ನಿಮ್ಮ ಕೈಗೆ ಬಿದ್ದವರೆಲ್ಲ ಮೊದಲು ಕಿರುಚಿ, ಆಮೇಲೆ ಎದ್ದು ನಡೆದವರೇ.

ಮೇಡಂ ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಚಿಕ್ಕವರು ದೊಡ್ಡವರನ್ನು ಹರಸಬಾರದು ಎನ್ನುತ್ತಾರೆ. ಹರಸುತ್ತೇನೆ. ನಿಮ್ಮ ಕೈ ಕೊನೆಯವರೆಗೂ ಗಟ್ಟಿಯಾಗಿರಲಿ. ನಾಲಿಗೆ ಗುರುವಾರ ಒಂದು ದಿನದ ಮಟ್ಟಿಗಾದರೂ ಸಡಿಲವಾಗಲಿ. ಎಡಗೈಗೂ ಹೋಗಲಿ, ಒಂದು ಅರ್ಧ ನಮಸ್ಕಾರ.

ಇಂತಿ, ಜಗತ್ತಿನಲ್ಲಿ ಎಲ್ಲರನ್ನೂ ಅನುಮಾನಿಸುವ,
ನಿಮ್ಮ ತರಲೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಸಣ್ಣ ವಿಷಯ. ಮೇಷ್ಟ್ರ ಮಗಳು ದೂರು ಕೊಡಲು ಬಂದ ದಿನ ಕೌಂಟರಿನಲ್ಲಿ ಇದ್ದವಳು ನಾನು. ಅವಳಿಗೆ ಅರ್ಜಿ ತುಂಬಲು ಗೊತ್ತಾಗಲಿಲ್ಲ. ಅವಳು ಹೇಳಿದಳು, ನಾನು ಬರೆದೆ. ನಿಮ್ಮ ಹೆಸರು ಬಂದಾಗ ಪೆನ್ನು ನಿಂತಿತು, ಆಮೇಲೆ ಬರೆದೆ. ಚಿಕ್ಕಪ್ಪ ಹೇಗೂ ನಿಭಾಯಿಸುತ್ತಾರೆ ಎಂದುಕೊಂಡೆ. ಅದರ ಕೆಳಗೆ "ಸಂಬಂಧಪಟ್ಟ ಇತರ ವೈದ್ಯರು" ಎಂಬ ಖಾನೆಯಿದೆ. ಅವಳು ಕೇಳಿದಳು, "ಫಿಟ್ ಇದಾರೆ ಅಂತ ಚೀಟಿ ಬರ್ಕೊಟ್ರಲ್ಲ ಅಕ್ಕ, ಕೆಳಗಿನ ದೊಡ್ಡ ಡಾಕ್ಟ್ರು, ಅವರ ಹೆಸರೂ ಹಾಕ್ಬೇಕಾ?" ನಾನು, "ಬೇಡಮ್ಮ, ಕುಯ್ದೋರದು ಸಾಕು" ಎಂದೆ. ಖಾನೆಯನ್ನು ಖಾಲಿ ಬಿಡಬಾರದು ಎಂದು ನಮ್ಮ ಕಚೇರಿಯ ನಿಯಮ. ಅದಕ್ಕೆ ಅಲ್ಲೊಂದು ಗೆರೆ ಎಳೆದೆ. ಸ್ಕೇಲ್ ಇಟ್ಟು, ನೇರವಾಗಿ.